ಹೊಸ ಮನೆಗೆ ಬಂದ ಮಗು ಏಕೆ ಹೆದರುತ್ತದೆ? ದತ್ತು ಮಕ್ಕಳ ಭಯ ಮತ್ತು ಹೊಂದಾಣಿಕೆಯ ಬಗ್ಗೆ ಒಂದು ವಿವರಣೆ

ಜಿಲ್ಲಾಧಿಕಾರಿಗಳು ದಂಪತಿಗೆ ದತ್ತು ಆದೇಶದ ಪ್ರತಿಯನ್ನು ಕೊಡುತ್ತಿರುವ ಚಿತ್ರಗಳು ಈಚಿನ ವರ್ಷಗಳಲ್ಲಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಕಾಣಿಸತೊಡಗಿವೆ. ಮಗುವಿನ ಮುಖವನ್ನು ಮರೆಮಾಡಿರುತ್ತಾರೆ. ಸುತ್ತ ನಿಂತವರ ಮುಖಗಳಲ್ಲಿ ಮಾತ್ರ ಸಂತೋಷ ತುಂಬಿರುತ್ತದೆ. ಆ ಸಂತೋಷ ನಿಜವಾದದ್ದೇ. ಆದರೆ ಆ ಚಿತ್ರದ ಹಿಂದಿನ ಮತ್ತು ಮುಂದಿನ ರಾತ್ರಿಗಳು ಪತ್ರಿಕೆಗೆ ಬರುವುದಿಲ್ಲ. ದಾವಣಗೆರೆಯ ನಿಟುವಳ್ಳಿಯಲ್ಲೋ ಚಳ್ಳಕೆರೆಯ ಒಂದು ಓಣಿಯಲ್ಲೋ, ನಡುರಾತ್ರಿ ಎದ್ದು ಅಳುವ ಮಗುವನ್ನು ಎತ್ತಿಕೊಳ್ಳಲು ಹೋದ ತಾಯಿಯನ್ನು ಕಂಡೇ ಮಗು ಇನ್ನಷ್ಟು ಚೀರಿದಾಗ, ಆಕೆ ಗೋಡೆಗೆ ಒರಗಿ ಕುಳಿತು ತನ್ನಲ್ಲೇ ಏನೋ ಕೊರತೆ ಇದೆಯೆಂದು ಕಣ್ಣೀರು ಹಾಕುವುದುಂಟು.

ಈ ಲೇಖನ ಆ ರಾತ್ರಿಗಳ ಕುರಿತದ್ದು. ದತ್ತು ಪಡೆಯಲಿರುವವರು ಮಾತ್ರ ಇದನ್ನು ತಿಳಿದರೆ ಸಾಲದು. ನಮ್ಮ ಊರುಗಳಲ್ಲಿ ಒಂದು ಮಗು ಬೆಳೆಯುವುದು ಅಜ್ಜಿಯ ಮಡಿಲಲ್ಲಿ, ಚಿಕ್ಕಪ್ಪನ ಬೈಕಿನ ಮೇಲೆ, ಪಕ್ಕದ ಮನೆಯ ಕಟ್ಟೆಯ ಮೇಲೆ, ಅಂಗನವಾಡಿಯ ಚಾಪೆಯ ಮೇಲೆ. ಅಲ್ಲಿ ಇರುವವರೆಲ್ಲರಿಗೂ ಮಗುವಿನ ಭಯದ ಪರಿಚಯ ಇರಬೇಕಾಗುತ್ತದೆ.

ದತ್ತು ಎಂದರೆ ಇಂದು ಏನು?

ದತ್ತಕ ಎಂಬ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ಕೇಳಿದ್ದು ಶಾಲೆಯ ಚರಿತ್ರೆಯ ಪಾಠದಲ್ಲಿ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪದೆ ಹೋದದ್ದು ಯುದ್ಧಕ್ಕೆ ದಾರಿಯಾಯಿತು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಅಂದಿನ ಪ್ರಶ್ನೆ ಗಾದಿಗೆ ಯಾರು, ವಂಶಕ್ಕೆ ಯಾರು ಎಂಬುದಾಗಿತ್ತು. ಇಂದಿನ ಕಾನೂನು ಆ ಪ್ರಶ್ನೆಯನ್ನು ಮಗುವಿನ ಕಡೆಯಿಂದ ಕೇಳುತ್ತದೆ: ಮನೆಯಿಲ್ಲದ ಈ ಮಗುವಿಗೆ ಯಾವ ಮನೆ ಒಳ್ಳೆಯದು?

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ತಂದೆತಾಯಿ ತೊರೆದ, ಅವರನ್ನು ಕಳೆದುಕೊಂಡ ಅಥವಾ ಅವರೇ ಒಪ್ಪಿಸಿದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯು ವಿಚಾರಣೆಯ ನಂತರ ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸುತ್ತದೆ. ದಂಪತಿ ಅಥವಾ ಒಂಟಿ ವ್ಯಕ್ತಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ 'ಕಾರಾ'ದ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಸಮಾಜ ಕಾರ್ಯಕರ್ತರು ಅವರ ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಸರದಿ ಬಂದಾಗ ಮಗುವಿನ ವಿವರಗಳು ದೊರೆಯುತ್ತವೆ. ಒಪ್ಪಿಗೆಯಾದ ಮೇಲೆ ದತ್ತು ಪೂರ್ವ ಪೋಷಣೆ ಎಂಬ ವ್ಯವಸ್ಥೆಯಡಿ ಮಗು ಮನೆಗೆ ಬರುತ್ತದೆ. ಅಂತಿಮ ಆದೇಶವನ್ನು ಹಿಂದೆ ನ್ಯಾಯಾಲಯ ನೀಡುತ್ತಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಂದಿನಿಂದ ಜಿಲ್ಲಾಧಿಕಾರಿಗಳು ನೀಡುತ್ತಾರೆ. ಹೀಗಾಗಿ ಆದೇಶದ ಪ್ರತಿ ಕೈಗೆ ಬರುವ ಹೊತ್ತಿಗೆ ಮಗು ಮನೆಗೆ ಬಂದು ಹಲವು ದಿನಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದಿರುತ್ತವೆ. ಆದೇಶದ ನಂತರ ಆ ಮಗು ಎಲ್ಲ ರೀತಿಯಿಂದಲೂ, ಆಸ್ತಿಯ ಹಕ್ಕೂ ಸೇರಿದಂತೆ, ಆ ಮನೆಯ ಮಗು. 'ಸಾಕುಮಗು', 'ಸ್ವಂತ ಮಗು' ಎಂಬ ಭೇದಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ಕಾಗದದ ಕೆಲಸ ಇಷ್ಟು. ಮಗುವಿನ ಮನಸ್ಸಿಗೆ ಈ ಕಾಗದಗಳ ಸುದ್ದಿ ತಲುಪಿರುವುದಿಲ್ಲ.

ಆ ದಿನ ಮಗು ಕಳೆದುಕೊಳ್ಳುವುದು ಏನು?

ಮಗುವಿಗೆ ಮನೆ ಸಿಕ್ಕಿತು ಎಂದು ನಾವು ಹೇಳುತ್ತೇವೆ. ಮೂರು ವರ್ಷದ ಮಗುವಿನ ಲೆಕ್ಕದಲ್ಲಿ ಅದೇ ದಿನ ಒಂದು ಮನೆ ಹೋಯಿತು. ದತ್ತು ಕೇಂದ್ರದ ಸಾಲು ತೊಟ್ಟಿಲುಗಳು, ಒಂದೇ ಬಗೆಯ ತಟ್ಟೆ, ನೆಲ ಒರೆಸುವ ಫಿನಾಯಿಲಿನ ವಾಸನೆ, ಪಕ್ಕದಲ್ಲಿ ಮಲಗುತ್ತಿದ್ದ ಇನ್ನೊಂದು ಮಗುವಿನ ಉಸಿರು, ಹಗಲು ಪಾಳಿಯ ಆಯಾಳ ಬಳೆಯ ಸದ್ದು, ಇವು ನಮಗೆ ಬಡತನದ ಚಿತ್ರವಾಗಿ ಕಾಣಬಹುದು. ಮಗು ಕಂಡಿದ್ದ ಲೋಕ ಅಷ್ಟೇ. ಒಂದು ಬೆಳಿಗ್ಗೆ ಹೊಸ ಬಟ್ಟೆ ತೊಡಿಸಿ, ಹೂಮಾಲೆ ಹಾಕಿ, ಕಾರಿನಲ್ಲಿ ಕೂರಿಸಿ ಕಳುಹಿಸಿದಾಗ ಆ ಲೋಕ ಪೂರ್ತಿಯಾಗಿ ಮಾಯವಾಗುತ್ತದೆ. ಮದುವೆಯಾಗಿ ಗಂಡನ ಮನೆಗೆ ಹೋದ ಹುಡುಗಿ ತವರಿನ ನೆನಪಿಗೆ ಅತ್ತರೆ ನಾವು ಯಾರೂ ಅವಳನ್ನು ಕೃತಘ್ನಳು ಎನ್ನುವುದಿಲ್ಲ. ಅವಳಿಗಾದರೂ ಫೋನ್ ಇದೆ, ಪಂಚಮಿಗೆ ತವರಿಗೆ ಬರುವ ಭರವಸೆ ಇದೆ. ಈ ಮಗುವಿಗೆ ಎರಡೂ ಇಲ್ಲ.

ಇನ್ನೊಂದು ಸಂಗತಿ ಹೊರಗಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಹಲವು ಸಂಸ್ಥೆಗಳಲ್ಲಿ ನೋಡಿಕೊಳ್ಳುವ ಹೆಂಗಸರನ್ನೆಲ್ಲ ಮಕ್ಕಳು 'ಅಮ್ಮ' ಎಂದೇ ಕರೆಯುತ್ತವೆ. ಬೆಳಗಿನ ಅಮ್ಮ ಮಧ್ಯಾಹ್ನ ಹೋಗುತ್ತಾಳೆ, ಸಂಜೆಯ ಅಮ್ಮ ಬರುತ್ತಾಳೆ, ಕೆಲಸ ಬಿಟ್ಟ ಅಮ್ಮ ಮತ್ತೆಂದೂ ಬರುವುದಿಲ್ಲ. ಆದ್ದರಿಂದ ಹೊಸ ಮನೆಯಲ್ಲಿ ಮಗು ಮೊದಲ ದಿನವೇ 'ಅಮ್ಮ' ಎಂದು ಕರೆದರೆ, ಆ ಮಾತಿಗೆ ನಾವು ಕೊಡುವ ಅರ್ಥ ಅದರ ಮನಸ್ಸಿನಲ್ಲಿ ಇನ್ನೂ ಇರುವುದಿಲ್ಲ. ಅಮ್ಮ ಎಂದರೆ ಪಾಳಿ ಮುಗಿದ ಮೇಲೆ ಹೋಗುವವಳು. ಹೋಗದೆ ಉಳಿಯುವವಳು ಎಂಬ ಅರ್ಥವನ್ನು ಆ ಪದಕ್ಕೆ ತುಂಬುವುದೇ ಮುಂದಿನ ತಿಂಗಳುಗಳ ಕೆಲಸ.

ಭಯ ಎಲ್ಲಿ ಕೂತಿರುತ್ತದೆ?

"ಅಷ್ಟು ಚಿಕ್ಕ ಮಗುವಿಗೆ ಏನು ನೆನಪಿರುತ್ತದೆ?" ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನೆನಪುಗಳಲ್ಲಿ ಎರಡು ಬಗೆ ಇವೆ. ನಡೆದದ್ದನ್ನು ಕತೆಯಂತೆ ಹೇಳಬಲ್ಲ ನೆನಪು ತಡವಾಗಿ ಬೆಳೆಯುತ್ತದೆ. ಅದಕ್ಕೇ ನಮ್ಮಲ್ಲಿ ಯಾರಿಗೂ ಮೊದಲ ಎರಡು ವರ್ಷಗಳ ಘಟನೆಗಳು ನೆನಪಿಲ್ಲ. ಆದರೆ ಅಪಾಯವನ್ನು ಗುರುತಿಸುವ ನೆನಪು ಹುಟ್ಟಿನಿಂದಲೇ ಕೆಲಸ ಮಾಡುತ್ತದೆ. ಮಿದುಳಿನ ಒಳಭಾಗದಲ್ಲಿ ಬಾದಾಮಿ ಬೀಜದ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಹಿಂದೆ ಸಂಕಟ ತಂದ ವಾಸನೆ, ಸದ್ದು, ದನಿ ಮತ್ತೆ ಬಂದರೆ ಅದು ಯೋಚನೆಗೆ ಅವಕಾಶ ಕೊಡದೆ ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ರಕ್ತದಲ್ಲಿ ಏರುತ್ತದೆ, ದೇಹ ಓಡಲು, ಹೊಡೆದಾಡಲು ಅಥವಾ ಕಲ್ಲಿನಂತೆ ನಿಂತುಬಿಡಲು ಸಿದ್ಧವಾಗುತ್ತದೆ. ಮಗುವಿಗೆ ಏಕೆ ಹೆದರಿಕೆ ಎಂದು ಕೇಳಿದರೆ ಅದು ಹೇಳಲಾರದು, ಏಕೆಂದರೆ ಅದಕ್ಕೂ ಗೊತ್ತಿಲ್ಲ.

ಈ ಗಂಟೆಯನ್ನು ನಿಲ್ಲಿಸುವುದನ್ನು ಮಗು ಕಲಿಯುವುದು ದೊಡ್ಡವರಿಂದ. ಹಸಿವಾಗಿ ಅತ್ತಾಗ ಅದೇ ಮುಖ ಬರುತ್ತದೆ, ಎತ್ತಿಕೊಳ್ಳುತ್ತದೆ, ಸಮಾಧಾನವಾಗುತ್ತದೆ. ಇದು ಸಾವಿರಾರು ಸಲ ನಡೆದಾಗ 'ಕರೆದರೆ ಯಾರೋ ಬರುತ್ತಾರೆ' ಎಂಬ ನಂಬಿಕೆ ದೇಹದಲ್ಲಿ ನೆಲೆಸುತ್ತದೆ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಇದನ್ನು ಬಾಂಧವ್ಯದ ಸಿದ್ಧಾಂತವಾಗಿ ವಿವರಿಸಿದರು. ಎಳೆಯ ಮಗುವಿಗೆ ಆಹಾರ, ಔಷಧಗಳಷ್ಟೇ ಒಬ್ಬ ಸ್ಥಿರವಾದ ಪೋಷಕಿಯ ಅಗತ್ಯವಿದೆ ಎಂಬುದನ್ನು ಅವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ನೀಡಿದ ವರದಿಯಲ್ಲಿ ಒತ್ತಿ ಹೇಳಿದ್ದರು. ಅವರೂ ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಅವರೂ ತಾಯಿಯಿಂದ ಬೇರ್ಪಟ್ಟ ಮಕ್ಕಳನ್ನು ಗಮನಿಸಿ ಮೂರು ಹಂತಗಳನ್ನು ಗುರುತಿಸಿದರು. ಮೊದಲು ಮಗು ಅತ್ತು ಪ್ರತಿಭಟಿಸುತ್ತದೆ, ನಂತರ ಹತಾಶೆಯಲ್ಲಿ ಕುಗ್ಗುತ್ತದೆ, ಕೊನೆಗೆ ಯಾರೂ ಬೇಡವೆಂಬಂತೆ ಶಾಂತವಾಗುತ್ತದೆ. ಮೂರನೆಯ ಹಂತವನ್ನು ನೋಡಿದವರು 'ಮಗು ಹೊಂದಿಕೊಂಡಿತು' ಎಂದು ಭಾವಿಸುವುದು ಸಹಜ. ಅಳದ ಮಗುವಿನ ವಿಷಯದಲ್ಲಿ ನಾವು ಹೆಚ್ಚು ಎಚ್ಚರ ವಹಿಸಬೇಕಾದದ್ದು ಈ ಕಾರಣಕ್ಕೆ. ಅತ್ತರೆ ಯಾರೂ ಬರುವುದಿಲ್ಲವೆಂದು ಕಲಿತ ಮಗು ಅಳುವುದನ್ನು ಬಿಟ್ಟಿರುತ್ತದೆ.

ಮನೆ ಎಷ್ಟು ಬೇಗ ಸಿಕ್ಕಿತು ಎಂಬುದೂ ಮುಖ್ಯ. ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಗಮನಿಸಲಾಯಿತು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಕಳುಹಿಸಿದಾಗ, ಸುಮಾರು ಎರಡು ವರ್ಷಕ್ಕೆ ಮುಂಚೆ ಕುಟುಂಬ ಸೇರಿದ ಮಕ್ಕಳಲ್ಲಿ ಬಾಂಧವ್ಯ ಹೆಚ್ಚು ಚೆನ್ನಾಗಿ ಬೆಳೆಯಿತು. ದೊಡ್ಡ ಮಕ್ಕಳಿಗೆ ಬಾಗಿಲು ಮುಚ್ಚಿದೆ ಎಂದು ಇದರ ಅರ್ಥವಲ್ಲ. ಐದು, ಎಂಟು, ಹತ್ತು ವರ್ಷದ ಮಕ್ಕಳೂ ಹೊಸ ಮನೆಯಲ್ಲಿ ನೆಲೆಯೂರುತ್ತಾರೆ, ಆದರೆ ಅವರಿಗೆ ಹೆಚ್ಚು ಸಮಯ ಬೇಕು.

ಭಯ ಹಾಕಿಕೊಳ್ಳುವ ವೇಷಗಳು

ಭಯ ಎಂದೊಡನೆ ನಮಗೆ ಅಳು, ನಡುಕ ನೆನಪಾಗುತ್ತದೆ. ದತ್ತು ಬಂದ ಮಗುವಿನಲ್ಲಿ ಅದು ಸಾಮಾನ್ಯವಾಗಿ ಬೇರೆ ರೂಪದಲ್ಲಿ ಬರುತ್ತದೆ, ಮನೆಯವರು ಅದನ್ನು ಭಯವೆಂದು ಗುರುತಿಸದೆ ಸ್ವಭಾವದೋಷವೆಂದು ತಿಳಿಯುತ್ತಾರೆ.

ಊಟವನ್ನು ಬಚ್ಚಿಡುವುದನ್ನೇ ನೋಡೋಣ. ದಿಂಬಿನ ಕೆಳಗೆ ಒಣಗಿದ ಚಪಾತಿ, ಶಾಲೆಯ ಚೀಲದಲ್ಲಿ ಕೊಳೆತ ಬಾಳೆಹಣ್ಣು ಸಿಗುತ್ತದೆ; ಮಗು ಹೊಟ್ಟೆ ತುಂಬಿದ ಮೇಲೂ ತಿನ್ನುತ್ತಲೇ ಇರುತ್ತದೆ. "ಮನೆಯಲ್ಲಿ ಇಷ್ಟೆಲ್ಲ ಇರುವಾಗ ಕದಿಯುವ ಬುದ್ಧಿ ಎಲ್ಲಿಂದ ಬಂತು?" ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ದಾವಣಗೆರೆ, ಚಿತ್ರದುರ್ಗದ ಬಡಾವಣೆಗಳಲ್ಲಿ ಬೇಸಿಗೆ ಕಳೆದವರಿಗೆ ಇದು ಅರ್ಥವಾಗದೆ ಇರದು. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ನಾವು ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಅಡುಗೆಯ ಪಾತ್ರೆಗಳನ್ನೂ ತುಂಬಿಸಿಡುತ್ತೇವೆ. ನಾಳೆಯಿಂದ ದಿನವಿಡೀ ನೀರು ಬರುತ್ತದೆ ಎಂದು ಯಾರಾದರೂ ಬಂದು ಹೇಳಿದರೆ ಆ ರಾತ್ರಿಯೇ ಡ್ರಮ್ಮನ್ನು ಬರಿದು ಮಾಡುವವರು ಯಾರು? ತಿಂಗಳುಗಟ್ಟಲೆ ನಲ್ಲಿ ತಿರುವಿ ನೋಡಿ, ಪ್ರತಿ ಸಲವೂ ನೀರು ಬಂದ ಮೇಲೆ, ಯಾವಾಗಲೋ ಒಂದು ದಿನ ಡ್ರಮ್ಮು ತಾನಾಗಿ ಹಿತ್ತಲಿಗೆ ಹೋಗುತ್ತದೆ. ಮಗು ಮಾಡುತ್ತಿರುವುದೂ ಅದನ್ನೇ. ಅದಕ್ಕೆ ಉಪದೇಶದಿಂದ ಪ್ರಯೋಜನವಿಲ್ಲ. ನಲ್ಲಿಯಲ್ಲಿ ಪ್ರತಿ ಸಲವೂ ನೀರು ಬರಬೇಕು. ಮಗುವಿಗೆ ನಿಲುಕುವ ಎತ್ತರದಲ್ಲಿ ಅದರದೇ ಒಂದು ಡಬ್ಬಿ ಇಟ್ಟು, ಮಂಡಕ್ಕಿಯೋ ಬಾಳೆಹಣ್ಣೋ ಬಿಸ್ಕತ್ತೋ ಅದರಲ್ಲಿ ಯಾವಾಗಲೂ ಇರುವಂತೆ ನೋಡಿಕೊಳ್ಳುವುದು, ಕೇಳದೆ ತೆಗೆದುಕೊಳ್ಳಲು ಬಿಡುವುದು, ದಿಂಬಿನ ಕೆಳಗೆ ಸಿಕ್ಕಿದ್ದನ್ನು ಸದ್ದಿಲ್ಲದೆ ತೆಗೆದು ಸ್ವಚ್ಛ ಮಾಡುವುದು, ಊಟದ ವೇಳೆಯನ್ನು ಒಂದು ದಿನವೂ ತಪ್ಪಿಸದಿರುವುದು, ಈ ಸಣ್ಣ ಕೆಲಸಗಳು ಬೈಗುಳಕ್ಕಿಂತ ಬೇಗ ಫಲ ಕೊಡುತ್ತವೆ.

ಯಾರನ್ನು ಕಂಡರೂ ಓಡಿಹೋಗಿ ತಬ್ಬಿಕೊಳ್ಳುವುದು ಇನ್ನೊಂದು ವೇಷ. ಹಾಲಿನವರು, ಕೊರಿಯರ್ ತಂದವರು, ಬಸ್ಸಿನಲ್ಲಿ ಪಕ್ಕ ಕುಳಿತವರು, ಎಲ್ಲರ ತೊಡೆಯನ್ನೂ ಏರುವ ಮಗುವನ್ನು 'ಎಷ್ಟು ಸಲಿಗೆ, ಯಾರ ಹತ್ತಿರವಾದರೂ ಹೋಗುತ್ತೆ' ಎಂದು ಮೆಚ್ಚುತ್ತೇವೆ. ತನ್ನವರು ಯಾರು ಎಂದು ಗೊತ್ತಿರುವ ಮಗು ಅಪರಿಚಿತರ ಮುಂದೆ ಒಂದು ಕ್ಷಣ ಸೆರಗಿನ ಹಿಂದೆ ಅಡಗುತ್ತದೆ. ಎಲ್ಲರೂ ಸಮಾನವಾಗಿರುವ ಮಗುವಿಗೆ ಅಡಗಲು ಇನ್ನೂ ಸೆರಗು ಸಿಕ್ಕಿಲ್ಲ.

ಹಟ ಮತ್ತು ಕೋಪವೂ ಭಯದ ಮಕ್ಕಳೇ. ಮೊದಲ ಕೆಲವು ವಾರ ಬಹಳ ವಿಧೇಯವಾಗಿದ್ದ ಮಗು ಎರಡನೆಯ ಅಥವಾ ಮೂರನೆಯ ತಿಂಗಳಲ್ಲಿ ಏಕಾಏಕಿ ಹೊಡೆಯಲು, ಕಚ್ಚಲು, ವಸ್ತುಗಳನ್ನು ಎಸೆಯಲು ತೊಡಗಿದರೆ ಮನೆಯವರು ಕಂಗಾಲಾಗುತ್ತಾರೆ. ಆರಂಭದ ವಿಧೇಯತೆ ಅತಿಥಿಯದ್ದು. ನೆಂಟರ ಮನೆಯಲ್ಲಿ ನಾವೂ ಸದ್ದಿಲ್ಲದೆ ಕೂರುತ್ತೇವೆ. ಈಗ ಮಗು ಒಂದು ಪ್ರಶ್ನೆಯನ್ನು ಕೈಕಾಲುಗಳಿಂದ ಕೇಳುತ್ತಿದೆ: ನಾನು ಕೆಟ್ಟವನಾದರೂ ನನ್ನನ್ನು ಇಟ್ಟುಕೊಳ್ಳುವಿರಾ? ಈ ಪ್ರಶ್ನೆ ಕೇಳುವ ಧೈರ್ಯ ಬಂದಿರುವುದೇ ಒಂದು ಮುನ್ನಡೆ, ಆ ದಿನಗಳಲ್ಲಿ ಅದು ಹಾಗೆ ಕಾಣದಿದ್ದರೂ.

ಇವಲ್ಲದೆ, ನಾಲ್ಕು ವರ್ಷದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ಬಾಟಲಿ ಕೇಳುವುದು, ತೊದಲು ಮಾತಿಗೆ ಇಳಿಯುವುದು ಕಾಣುತ್ತದೆ. ಕೂಸಾಗಿದ್ದಾಗ ಸಿಗದ ಆರೈಕೆಯನ್ನು ಮಗು ಈಗ ಪಡೆಯುತ್ತಿದೆ ಎಂದು ತಿಳಿದು ಕೆಲವು ಕಾಲ ಕೂಸಿನಂತೆಯೇ ನೋಡಿಕೊಂಡರೆ ಅದು ತಾನಾಗಿ ಮುಂದೆ ಸಾಗುತ್ತದೆ.

ಮೊದಲ ವಾರಗಳಲ್ಲಿ ಮನೆಯನ್ನು ಚಿಕ್ಕದಾಗಿಸುವುದು

ಮಗು ಬಂತೆಂದರೆ ಊರಿಗೆಲ್ಲ ಹೇಳಬೇಕು, ನಾಮಕರಣಕ್ಕೆ ಪೆಂಡಾಲು ಹಾಕಬೇಕು, ದೇವರಿಗೆ ಮುಡಿ ಕೊಡಿಸಬೇಕು, ಕಿವಿ ಚುಚ್ಚಿಸಬೇಕು ಎಂಬ ಆಸೆ ಸಹಜವಾದದ್ದು, ಪ್ರೀತಿಯಿಂದಲೇ ಬಂದದ್ದು. ಮಗುವಿನ ಕಡೆಯಿಂದ ನೋಡಿದರೆ, ನೂರು ಅಪರಿಚಿತ ಮುಖಗಳ ನಡುವೆ ಯಾರೋ ಹಿಡಿದುಕೊಂಡು ತಲೆಗೂದಲು ತೆಗೆಯುತ್ತಾರೆ, ಇನ್ನಾರೋ ಕಿವಿಗೆ ನೋವು ಮಾಡುತ್ತಾರೆ. ಈ ಸಮಾರಂಭಗಳನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿದರೆ ದೇವರು ಮುನಿಯುವುದಿಲ್ಲ. ದುಗ್ಗಮ್ಮನ ಜಾತ್ರೆಯ ಡೊಳ್ಳು, ನಾಯಕನಹಟ್ಟಿಯ ತೇರಿನ ಜನಸಂದಣಿ, ದೀಪಾವಳಿಯ ಪಟಾಕಿ, ಇವೆಲ್ಲ ಮುಂದೆಯೂ ಬರುತ್ತವೆ.

ಮೊದಲ ವಾರಗಳಲ್ಲಿ ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು ತಾಯಿ ಅಥವಾ ತಂದೆಯ ಕೈಯಿಂದಲೇ ಆಗಬೇಕು. ಅಜ್ಜ, ಅಜ್ಜಿ ಎದುರಿಗಿದ್ದು ನಗಬಹುದು, ಆಡಿಸಬಹುದು. ಹಸಿವು, ನೋವು, ನಿದ್ದೆಯ ವೇಳೆಯಲ್ಲಿ ಮಗುವನ್ನು ತಂದೆತಾಯಿಯ ಕೈಗೆ ಕೊಡುವುದು ಅವರು ಮಾಡಬಹುದಾದ ದೊಡ್ಡ ಉಪಕಾರ. ಮಗುವಿನ ಮನಸ್ಸು ಗಂಟು ಹಾಕಿಕೊಳ್ಳುವುದು ಇಂತಹ ವೇಳೆಗಳಲ್ಲೇ.

ದತ್ತು ಕೇಂದ್ರದಿಂದ ಹೊರಡುವ ಮೊದಲು ಒಂದು ನೋಟ್ ಪುಸ್ತಕ ಹಿಡಿದು ಆಯಾಗಳ ಹತ್ತಿರ ಕುಳಿತುಕೊಳ್ಳುವುದು ಒಳ್ಳೆಯದು. ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ಹೇಗೂ ಕೈಗೆ ಬರುತ್ತವೆ. ಅವುಗಳಲ್ಲಿ ಇರದ ಸಂಗತಿಗಳು ಆಯಾಗಳಿಗೆ ಗೊತ್ತಿರುತ್ತವೆ. ಎಷ್ಟು ಹೊತ್ತಿಗೆ ಮಲಗುತ್ತದೆ, ಬೆನ್ನು ತಟ್ಟಬೇಕೋ ತೂಗಬೇಕೋ, ಯಾವ ಹಾಡು, ಯಾವ ಮುದ್ದಿನ ಹೆಸರು, ಅನ್ನಕ್ಕೆ ಸಾರೋ ಮೊಸರೋ, ಯಾವ ಸದ್ದಿಗೆ ಬೆಚ್ಚುತ್ತದೆ ಎಂಬುದನ್ನು ಬರೆದುಕೊಂಡು ಬಂದು ಕೆಲವು ದಿನ ಹಾಗೆಯೇ ನಡೆಸಬೇಕು. ಬೆಣ್ಣೆ ದೋಸೆ, ಹೋಳಿಗೆಗಳ ಉಪಚಾರ ಮೊದಲ ದಿನವೇ ಬೇಕಿಲ್ಲ. ಪರಿಚಯದ ಅನ್ನ ಸಾರಿನಲ್ಲಿ ಮಗುವಿಗೆ ಧೈರ್ಯವಿದೆ. ಸಾಧ್ಯವಾದರೆ ಅದು ಹೊದೆಯುತ್ತಿದ್ದ ಹಳೆಯ ಬಟ್ಟೆಯನ್ನೋ ಹಿಡಿದು ಮಲಗುತ್ತಿದ್ದ ಗೊಂಬೆಯನ್ನೋ ಕೇಳಿ ತರಬೇಕು, ಮತ್ತು ಎಷ್ಟೇ ಮಾಸಿದ್ದರೂ ಅದನ್ನು ತಕ್ಷಣ ಒಗೆಯಬಾರದು. ಆ ವಾಸನೆಯೇ ಮಗುವಿನ ಹತ್ತಿರ ಉಳಿದಿರುವ ಹಳೆಯ ಮನೆ.

ಸ್ನಾನದ ಬಗ್ಗೆ ಒಂದು ಮಾತು. ಎಣ್ಣೆ ಹಚ್ಚಿ, ತಿಕ್ಕಿ, ತಲೆಯ ಮೇಲೆ ಬಿಸಿನೀರು ಹೊಯ್ಯುವ ನಮ್ಮ ಪದ್ಧತಿ ಹುಟ್ಟಿನಿಂದ ಅಭ್ಯಾಸವಿರುವ ಮಗುವಿಗೆ ಹಿತ. ಸ್ಪರ್ಶದ ಅಭ್ಯಾಸವೇ ಕಡಿಮೆಯಿರುವ ಮಗುವಿಗೆ ಕಣ್ಣು ಮುಚ್ಚಿಸಿ ನೀರು ಸುರಿಯುವುದು ಉಸಿರು ಕಟ್ಟಿಸಿದಂತೆ. ಚೊಂಬನ್ನು ಅದರ ಕೈಗೇ ಕೊಟ್ಟು, ಮೊದಲು ಕಾಲಿಗೆ, ಆಮೇಲೆ ಹೆಗಲಿಗೆ ಹೊಯ್ದುಕೊಳ್ಳಲು ಬಿಟ್ಟರೆ ಹೆದರಿಕೆ ಆಟವಾಗಿ ಬದಲಾಗುತ್ತದೆ.

ರಾತ್ರಿ, ಬಾಗಿಲು ಮತ್ತು ಹೋಗಿಬರುವುದು

ಮಕ್ಕಳ ಭಯ ರಾತ್ರಿ ಹೆಚ್ಚಾಗುವುದಕ್ಕೆ ಕತ್ತಲೆ ಮಾತ್ರ ಕಾರಣವಲ್ಲ. ಕಣ್ಣು ಮುಚ್ಚಿದರೆ ಎದುರಿಗಿರುವವರು ಹೋಗಿಬಿಡಬಹುದು ಎಂಬ ಆತಂಕ ಅದರಲ್ಲಿ ಸೇರಿದೆ. ಸಾಲಾಗಿ ಹತ್ತಾರು ಮಕ್ಕಳ ನಡುವೆ ಮಲಗಿದ ಮಗುವಿಗೆ ಬಣ್ಣದ ಗೋಡೆಗಳ ಪ್ರತ್ಯೇಕ ಕೋಣೆ ಉಡುಗೊರೆಯಾಗಿ ಕಾಣದು. ಮೊದಲ ತಿಂಗಳುಗಳಲ್ಲಿ ತಂದೆತಾಯಿ ಮಲಗುವ ಕೋಣೆಯಲ್ಲೇ, ಕೈಗೆಟಕುವ ದೂರದಲ್ಲಿ ಹಾಸಿಗೆ ಇರಲಿ. ಸಣ್ಣ ದೀಪವಿರಲಿ. ಊಟ, ಹಲ್ಲುಜ್ಜುವುದು, ಒಂದೇ ಕತೆ, ಒಂದೇ ಹಾಡು, ಇದೇ ಕ್ರಮ ಪ್ರತಿದಿನ ನಡೆಯಲಿ. ನಮಗೆ ಬೇಸರ ತರುವ ಈ ಪುನರಾವರ್ತನೆ ಮಗುವಿಗೆ ಆಧಾರ. ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದರೆ ಮಿದುಳಿನ ಕಾವಲುಗಾರ ಸ್ವಲ್ಪ ಹೊತ್ತು ಕೂರಬಹುದು. ನಡುರಾತ್ರಿ ಎದ್ದು ಚೀರುವ ಮಗುವನ್ನು ಏಕಾಏಕಿ ಎತ್ತಿಕೊಳ್ಳುವ ಬದಲು ಹತ್ತಿರ ಕುಳಿತು, ತಗ್ಗಿದ ದನಿಯಲ್ಲಿ ಅದರ ಹೆಸರು ಹೇಳುತ್ತ, ಕೈಯನ್ನು ಅದಕ್ಕೆ ಸಿಗುವಂತೆ ಚಾಚಿ ಕಾಯಬೇಕು. ಹಿಡಿಯುವುದೋ ಬೇಡವೋ ಅದೇ ತೀರ್ಮಾನಿಸಲಿ.

ಮಗು ಅಳುತ್ತದೆಂದು ಕಣ್ತಪ್ಪಿಸಿ ಕೆಲಸಕ್ಕೆ ಹೋಗುವುದು ನಮ್ಮ ಮನೆಗಳಲ್ಲಿ ಸಾಮಾನ್ಯ ಅಭ್ಯಾಸ. ದತ್ತು ಬಂದ ಮಗುವಿನ ಮಟ್ಟಿಗೆ ಇದಕ್ಕಿಂತ ಹಾನಿಕರವಾದದ್ದು ಕಡಿಮೆ. ಜನ ಸುಳಿವಿಲ್ಲದೆ ಮಾಯವಾಗುತ್ತಾರೆ ಎಂಬ ಅದರ ಹಳೆಯ ಪಾಠವನ್ನು ಅದು ಗಟ್ಟಿ ಮಾಡುತ್ತದೆ. ಅತ್ತರೂ ಸರಿ, ಹೇಳಿ ಹೋಗಬೇಕು. ಗಡಿಯಾರ ತಿಳಿಯದ ಮಗುವಿಗೆ 'ಐದು ಗಂಟೆಗೆ' ಎನ್ನುವ ಬದಲು 'ನೀನು ಹಾಲು ಕುಡಿಯುವ ಹೊತ್ತಿಗೆ' ಎಂದು ಹೇಳಿ, ಆ ಮಾತನ್ನು ತಪ್ಪದೆ ಉಳಿಸಿಕೊಳ್ಳಬೇಕು. ಕಣ್ಣಾಮುಚ್ಚಾಲೆ ಈ ಪಾಠದ ಅತ್ಯಂತ ಹಳೆಯ ಪಠ್ಯ. ಮರೆಯಾದವರು ಮತ್ತೆ ಬರುತ್ತಾರೆ ಎಂಬುದನ್ನು ಮಗು ಅದರಲ್ಲಿ ನಗುನಗುತ್ತ ನೂರು ಸಲ ಕಲಿಯುತ್ತದೆ.

ಭಾಷೆ ಮತ್ತು ಹೆಸರು

ಕಾರಾದ ವ್ಯವಸ್ಥೆ ದೇಶಕ್ಕೆಲ್ಲ ಒಂದೇ ಆದ್ದರಿಂದ ನಮ್ಮ ಜಿಲ್ಲೆಯ ದಂಪತಿಗೆ ಬೇರೆ ರಾಜ್ಯದ ಮಗುವೂ ದೊರೆಯಬಹುದು. ತೆಲುಗೋ ಮರಾಠಿಯೋ ಹಿಂದಿಯೋ ಕೇಳಿ ಬೆಳೆದ ಮಗುವಿಗೆ ಕನ್ನಡ ಬರುವವರೆಗೆ ಮನೆಯವರು ಅದರ ಭಾಷೆಯ ಹತ್ತಿಪ್ಪತ್ತು ಪದಗಳನ್ನು ಕಲಿತುಕೊಳ್ಳಬೇಕು: ನೀರು, ಹಸಿವು, ನೋವು, ಹೆದರಬೇಡ, ನಾನಿದ್ದೇನೆ. ಮಾತು ಬಾರದ ಊರಿನಲ್ಲಿ ನಮ್ಮ ಭಾಷೆಯ ಒಂದು ಪದ ಕಿವಿಗೆ ಬಿದ್ದಾಗ ಆಗುವ ನೆಮ್ಮದಿಯನ್ನು ಪ್ರಯಾಣ ಮಾಡಿದವರು ಬಲ್ಲರು.

ಹೆಸರು ಬದಲಿಸುವ ಆತುರ ಬೇಡ. ಎರಡು ವರ್ಷ ದಾಟಿದ ಮಗುವಿಗೆ ತನ್ನ ಹೆಸರು ಗೊತ್ತಿರುತ್ತದೆ. ಎಲ್ಲವೂ ಬದಲಾದಾಗ ಬದಲಾಗದೆ ಉಳಿದದ್ದು ಅದೊಂದೇ ಆಗಿರಬಹುದು. ಹೊಸ ಹೆಸರು ಬೇಕೇ ಬೇಕೆಂದಿದ್ದರೆ ಹಳೆಯದನ್ನು ಜೊತೆಗೆ ಉಳಿಸಿಕೊಂಡು ನಿಧಾನವಾಗಿ ಬಳಕೆಗೆ ತರಬಹುದು.

ಗದರಿಸಬೇಕಾದಾಗ

ಮಗು ಹೆದರಿದೆಯೆಂದು ನಿಯಮಗಳೇ ಇಲ್ಲದಂತೆ ಮಾಡಿದರೆ ಅದರ ಭಯ ಹೆಚ್ಚುತ್ತದೆ. ಬೇಲಿಯಿಲ್ಲದ ಬಾವಿಯ ಪಕ್ಕದಲ್ಲಿ ಯಾರೂ ನೆಮ್ಮದಿಯಾಗಿ ಆಡಲಾರರು. ನಿಯಮಗಳು ಕೆಲವೇ ಇರಲಿ, ಎಲ್ಲ ದಿನವೂ ಒಂದೇ ಇರಲಿ. ಆದರೆ ಶಿಕ್ಷೆಯ ಬಗೆ ಬೇರೆಯಾಗಬೇಕು. ಕೋಣೆಯಲ್ಲಿ ಕೂಡಿಹಾಕುವುದು, ಮಾತು ಬಿಡುವುದು ಬಿಟ್ಟುಹೋದ ನೆನಪನ್ನೇ ಕೆದಕುತ್ತವೆ. ತಪ್ಪು ಮಾಡಿದ ಮಗುವನ್ನು ದೂರ ಕಳುಹಿಸುವ ಬದಲು ಹತ್ತಿರ ಕೂರಿಸಿಕೊಂಡು, ಆವೇಶ ಇಳಿದ ಮೇಲೆ ಮಾತನಾಡಬೇಕು. 'ಗುಮ್ಮ ಬರುತ್ತಾನೆ', 'ಪೊಲೀಸರನ್ನು ಕರೆಯುತ್ತೇನೆ' ಎಂಬ ಮಾತುಗಳನ್ನು ಈ ಮನೆಯಲ್ಲಿ ಆಡಲೇಬಾರದು. ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕ ಮಗುವಿಗೆ ಪೊಲೀಸರು ಕತೆಯ ಪಾತ್ರವಲ್ಲ. 'ವಾಪಸ್ ಬಿಟ್ಟುಬರುತ್ತೇನೆ' ಎಂಬ ಮಾತನ್ನು ತಮಾಷೆಗೂ, ಕೋಪದಲ್ಲೂ, ಯಾರೂ, ಎಂದೂ ಆಡಬಾರದು. ಒಮ್ಮೆ ಆಡಿದ ಆ ಮಾತನ್ನು ಅಳಿಸಲು ವರ್ಷಗಳು ಬೇಕಾಗಬಹುದು.

ನೆಂಟರು ಮತ್ತು ನೆರೆಯವರು

"ಎಂಥ ಪುಣ್ಯದ ಕೆಲಸ ಮಾಡಿದಿರಿ", "ಮಗು ಎಷ್ಟು ಅದೃಷ್ಟ ಮಾಡಿತ್ತು", "ಯಾವ ಜಾತಿಯದೋ ಗೊತ್ತಾಯಿತೇ?", "ಸ್ವಂತದ್ದು ಆಗಲೇ ಇಲ್ಲವೇ?" ಇವುಗಳನ್ನು ಹೇಳುವವರಲ್ಲಿ ಕೆಲವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಆದರೂ ಮಗು ಕೇಳಿಸಿಕೊಳ್ಳುತ್ತದೆ. ಪುಣ್ಯ ಎಂದರೆ ತಾನು ದಾನ ಪಡೆದವನು, ಅದೃಷ್ಟ ಎಂದರೆ ತಾನು ಸದಾ ಋಣಿಯಾಗಿರಬೇಕಾದವನು ಎಂಬ ಅರ್ಥ ಅದರ ಮನಸ್ಸಿಗೆ ಇಳಿಯುತ್ತದೆ. ಋಣದ ಭಾರ ಹೊತ್ತ ಮಗು ಮನೆಯವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಹೆದರುತ್ತದೆ. ತಂದೆತಾಯಿ ಮಗುವಿನ ಎದುರಿಗೇ, ಸೌಮ್ಯವಾಗಿ, "ಅದೃಷ್ಟ ನಮ್ಮದು" ಎಂದಷ್ಟೇ ಹೇಳಿ ಮಾತು ಮುಗಿಸುವುದನ್ನು ರೂಢಿಸಿಕೊಳ್ಳಬಹುದು. ಮಗುವಿನ ಹಿಂದಿನ ಕತೆ ಮಗುವಿನ ಸ್ವತ್ತು. ಅದನ್ನು ಕಟ್ಟೆಯ ಮೇಲೆ ಹಂಚಬೇಕಿಲ್ಲ.

ಶಾಲೆಗೆ ಸೇರಿಸುವಾಗ ತರಗತಿಯ ಶಿಕ್ಷಕರಿಗೆ ಅಗತ್ಯವಿದ್ದಷ್ಟು ತಿಳಿಸಿಡುವುದು ಒಳಿತು. 'ನಿನ್ನ ಹುಟ್ಟಿದ ದಿನದ ಚಿತ್ರ ತಾ', 'ವಂಶವೃಕ್ಷ ಬರೆದು ತಾ' ಎಂಬ ಸಾಮಾನ್ಯ ಮನೆಗೆಲಸ ಈ ಮಗುವನ್ನು ಎಲ್ಲರೆದುರು ಒಂಟಿಯಾಗಿಸಬಲ್ಲದು. ಮೊದಲೇ ತಿಳಿದಿದ್ದರೆ ಶಿಕ್ಷಕರು ಅದನ್ನು 'ನಿನ್ನ ಮನೆಯವರ ಚಿತ್ರ' ಎಂದು ಬದಲಿಸಬಹುದು.

ಸತ್ಯವನ್ನು ಯಾವಾಗ ಹೇಳಬೇಕು?

ದೊಡ್ಡವನಾದ ಮೇಲೆ ಹೇಳೋಣ ಎಂದು ಮುಚ್ಚಿಡುವ ಮನೆಗಳು ಇನ್ನೂ ಇವೆ. ನಮ್ಮ ಊರುಗಳಲ್ಲಿ ಇಂಥ ಗುಟ್ಟು ಉಳಿಯುವುದಿಲ್ಲ. ಮದುವೆ ಮನೆಯಲ್ಲೋ ಆಸ್ತಿಯ ಜಗಳದಲ್ಲೋ ಯಾರ ಬಾಯಿಂದಲೋ ಕೇಳಿದಾಗ ಮಗುವಿಗೆ ದತ್ತುವಿನ ಸಂಗತಿಗಿಂತ ಸುಳ್ಳಿನ ನೋವೇ ದೊಡ್ಡದಾಗುತ್ತದೆ. ಮಕ್ಕಳ ತಜ್ಞರ ಸಲಹೆ ಸರಳವಾಗಿದೆ: ಮಗುವಿಗೆ ಮಾತು ಅರ್ಥವಾಗುವ ಮೊದಲೇ, ಮಲಗುವ ಕತೆಯಾಗಿ, ಹೇಳುತ್ತ ಬರಬೇಕು. 'ನೀನು ಇನ್ನೊಬ್ಬ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದೆ, ಅವರಿಗೆ ನಿನ್ನನ್ನು ನೋಡಿಕೊಳ್ಳಲು ಆಗಲಿಲ್ಲ, ನಾವು ನಿನಗಾಗಿ ಕಾಯುತ್ತಿದ್ದೆವು.' ಹೆತ್ತವರನ್ನು ಹಳಿಯಬಾರದು. ಅವರನ್ನು ಹಳಿದರೆ ಮಗು ತನ್ನ ಅರ್ಧವನ್ನು ಹಳಿದಂತೆ ಭಾವಿಸುತ್ತದೆ. ದತ್ತು ಕೇಂದ್ರದ ಚಿತ್ರ, ಅಲ್ಲಿಂದ ತಂದ ಅಂಗಿ, ಮನೆಗೆ ಬಂದ ದಿನದ ಬಸ್ ಟಿಕೆಟ್ಟು, ಇವನ್ನೆಲ್ಲ ಅಂಟಿಸಿದ ಒಂದು ಪುಸ್ತಕವಿದ್ದರೆ ಮಗು ಬೇಕೆನಿಸಿದಾಗ ತೆರೆದು ನೋಡುತ್ತದೆ. ತನ್ನ ಮೂಲವನ್ನು ಅರಸುವ ಹಕ್ಕನ್ನು ದತ್ತು ನಿಯಮಗಳು ಮಾನ್ಯ ಮಾಡಿವೆ. 18 ವರ್ಷ ತುಂಬಿದ ಮೇಲೆ ವ್ಯಕ್ತಿ ಸ್ವತಃ ಅರ್ಜಿ ಸಲ್ಲಿಸಬಹುದು, ಅದಕ್ಕೆ ಮುಂಚೆ ದತ್ತು ತಂದೆತಾಯಿಯ ಜೊತೆಗೂಡಿ.

ನೆರವು ಎಲ್ಲಿ ಸಿಗುತ್ತದೆ?

ಮಗು ಮನೆಗೆ ಬಂದ ನಂತರ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಅನುಸರಣಾ ಭೇಟಿ ನಡೆಯುತ್ತದೆ. ಭೇಟಿಗೆ ಬಂದವರ ಮುಂದೆ 'ಎಲ್ಲ ಚೆನ್ನಾಗಿದೆ' ಎಂದು ತೋರಿಸುವ ಒತ್ತಡ ಬೇಡ. ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ಹೆದರಿ ಕಷ್ಟವನ್ನು ಮುಚ್ಚಿಟ್ಟರೆ ಆ ಭೇಟಿಯ ಪ್ರಯೋಜನವೇ ತಪ್ಪುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಇದೆ, ಮತ್ತು ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಮಗು ಹಲವು ತಿಂಗಳುಗಳ ನಂತರವೂ ನೋವಾದಾಗ ಯಾರ ಬಳಿಗೂ ಬರದಿದ್ದರೆ, ತನ್ನನ್ನೇ ಗಾಯ ಮಾಡಿಕೊಳ್ಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಕಲಿತ ಮಾತನ್ನು ಮರೆಯುತ್ತಿದ್ದರೆ ಕಾಯದೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೇ ಮೀಸಲಾದ ವಿಭಾಗವಿದೆ. ತಾಯಿ ತಂದೆಯ ಮನಸ್ಸು ಕುಸಿಯುವುದೂ ಉಂಟು. ಇಷ್ಟು ಕಾದು ತಂದ ಮಗುವಿನ ಮೇಲೆ ಪ್ರೀತಿಯೇ ಹುಟ್ಟುತ್ತಿಲ್ಲವಲ್ಲ ಎಂಬ ಅಪರಾಧಿ ಭಾವ ಹಲವರನ್ನು ಕಾಡುತ್ತದೆ. ಹೆತ್ತ ತಾಯಂದಿರಿಗೂ ಹೀಗಾಗುವುದಿದೆ, ಇದಕ್ಕೆ ಚಿಕಿತ್ಸೆಯೂ ಇದೆ. 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಬೇರು ಹಿಡಿದ ಗುರುತುಗಳು

ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವವರು ನಾಟಿ ಮಾಡಿದ ಮರುದಿನ ಗದ್ದೆಯನ್ನು ನೋಡಿ ಗಾಬರಿಯಾಗುವುದಿಲ್ಲ. ಸಸಿ ಮಡಿಯಿಂದ ಕಿತ್ತು ತಂದ ಪೈರು ಕೆಲವು ದಿನ ಹಳದಿಯಾಗಿ ಬಾಡುತ್ತದೆ; ಬೇರು ಹಿಡಿಯಿತೇ ಎಂದು ಕಿತ್ತು ನೋಡುವವರು ಯಾರೂ ಇಲ್ಲ, ನೀರು ಕಟ್ಟಿ ಕಾಯುತ್ತಾರೆ. ಮಗುವಿನ ಹೊಂದಾಣಿಕೆಗೆ ಇಷ್ಟೇ ದಿನ ಎಂಬ ಲೆಕ್ಕ ಇಲ್ಲ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ಮೂರು ವರ್ಷ. ನಡುವೆ ಜ್ವರ, ಮನೆ ಬದಲಾವಣೆ, ಅಜ್ಜನ ಸಾವು ಬಂದರೆ ಹಳೆಯ ಭಯ ಕೆಲವು ದಿನ ಮರಳಿ ಬಂದು ಹೋಗುತ್ತದೆ.

ಬದಲಾವಣೆ ಬಂದಾಗ ಅದು ಸದ್ದು ಮಾಡುವುದಿಲ್ಲ. ಆಡುವಾಗ ಮಂಡಿ ತರಚಿದ ಮಗು ಯಾರನ್ನೂ ಹುಡುಕದೆ ಎದ್ದು ನಿಲ್ಲುತ್ತಿದ್ದದ್ದು, ಈಗ ನೇರವಾಗಿ ಅಡುಗೆಮನೆಗೆ ಓಡಿಬಂದು ಅಳುತ್ತದೆ. ಹೊಸಬರು ಬಂದಾಗ ಸೆರಗು ಹಿಡಿಯುತ್ತದೆ. ಬೇಡದ್ದಕ್ಕೆ ಬೇಡ ಎನ್ನುತ್ತದೆ. ಬಿಸ್ಕತ್ತಿನ ಡಬ್ಬಿ ಎರಡು ದಿನದಿಂದ ತೆರೆಯದೆ ಹಾಗೆಯೇ ಇರುತ್ತದೆ, ದಿಂಬಿನ ಕೆಳಗೆ ಏನೂ ಸಿಗುವುದಿಲ್ಲ. ಮತ್ತೆ ಒಂದು ಭಾನುವಾರ ಬೆಳಿಗ್ಗೆ, ಓಣಿಯ ಮಕ್ಕಳು ಹೊರಗಿನಿಂದ ಕೂಗಿದ್ದೇ ತಡ, ತಟ್ಟೆಯಲ್ಲಿ ಅರ್ಧ ದೋಸೆಯನ್ನು ಬಿಟ್ಟು, ಕೈಯನ್ನೂ ತೊಳೆಯದೆ, ಹಿಂದಿರುಗಿ ನೋಡದೆ ಆಟಕ್ಕೆ ಓಡುತ್ತದೆ.